ತೆಗೆದು ಒಗೆದ ಪೆಟ್ಟು

ನರೇಗಲ್ಲಿನ ನಮ್ಮ ಓಣಿಯಲ್ಲಿ ಯಾರಾದರೂ ನನ್ನ ಕೆಲಸ ವಿಚಾರಿಸಿದರೆ, 'ಫ್ಯಾನಿಗೆ ಸುತ್ತಿಗಿಲೆ ಬಡದು ಪಗಾರ ತಗೋತಿದ್ದಾಂವ' ಎಂದು ಹೇಳುತ್ತಾರೆ. ಸುಳ್ಳೇನಲ್ಲ. ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ನಮ್ಮ ಕಡೆ ಎಲ್ಲರೂ ಫ್ಯಾನು ಎಂದೇ ಕರೆಯುವುದು. ಅವುಗಳ ತುದಿಗೆ ಹತ್ತಿ, ಒಳಗಿನ ಕಬ್ಬಿಣಕ್ಕೆ ಸುತ್ತಿಗೆಯಿಂದ ಪೆಟ್ಟು ಹಾಕಿ, ಅದು ಹೇಗೆ ನಡುಗಿತು ಎಂದು ಅಳೆದುಕೊಂಡು ಇಳಿಯುವುದು ನನ್ನ ಕೆಲಸವಾಗಿತ್ತು. ಕಂಪನಿಯ ಕಾಗದಗಳಲ್ಲಿ ಇದಕ್ಕೆ ಕಂಪನ ಪರೀಕ್ಷಕ ಎಂಬ ದೊಡ್ಡ ಹೆಸರಿತ್ತು. ಈಗ ನಿವೃತ್ತನಾಗಿ ಮನೆಯಲ್ಲಿದ್ದೇನೆ. ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಫೋನು ಮಾಡಿ ಅದೂ ಇದೂ ಕೇಳುತ್ತಾರೆ. ಒಬ್ಬೊಬ್ಬರಿಗೂ ಅದನ್ನೇ ಹೇಳಿ ಹೇಳಿ ಸಾಕಾಗಿ ಇದನ್ನು ಬರೆಯಲು ಕೂತೆ. ಬಡ್ತಿ ಸಿಕ್ಕಿದ್ದು, ಶಾಲು ಹೊದಿಸಿದ್ದು ಇಲ್ಲಿ ಸಿಗುವುದಿಲ್ಲ. ಅವು ಬೇಕಾದವರು ಕಂಪನಿಯ ಕ್ಯಾಲೆಂಡರು ನೋಡಲಿ.

ಮೊದಲೇ ಹೇಳಿಬಿಡುತ್ತೇನೆ, ಇದು ಒಂಟಿತನದ ಕೆಲಸ. ಗುಡ್ಡದ ಮೇಲೆ ಗಾಳಿ ಬಿಟ್ಟರೆ ಮಾತಾಡುವವರಿಲ್ಲ. ಕೆಳಗೆ ಊರಿನಲ್ಲಿ ಜನ ಕಡಲೆ ಮಾರುತ್ತಾರೆ, ಮದುವೆ ಮಾಡುತ್ತಾರೆ, ಜಗಳವಾಡುತ್ತಾರೆ. ಅದೆಲ್ಲ ಮೇಲಿನಿಂದ ಕಾಣುತ್ತದೆ, ಆದರೆ ಕೇಳಿಸುವುದಿಲ್ಲ. ಇದನ್ನು ನಿಮಗೆ ಕಾಲೇಜಿನಲ್ಲಿ ಯಾರೂ ಹೇಳಿರುವುದಿಲ್ಲ.

ನಾನು ನದಾಫರವನು. ಅಪ್ಪ ಹತ್ತಿ ಹಿಂಜುತ್ತಿದ್ದ. ಡಿಪ್ಲೊಮಾ ಮುಗಿಸಿ ಮೊದಲು ರೋಣದ ಒಂದು ಜಿನ್ನಿಂಗ್ ಮಿಲ್ಲಿನಲ್ಲಿ ಮೋಟರು ನೋಡಿಕೊಳ್ಳುತ್ತಿದ್ದೆ. ಗುಡ್ಡದ ಮೇಲೆ ಫ್ಯಾನುಗಳು ಏಳತೊಡಗಿದಾಗ ಅಲ್ಲಿಗೆ ಹೋದೆ. ಅಲ್ಲಿ ನನಗೆ ಕೆಲಸ ಕಲಿಸಿದವರು ಕೊಯಮತ್ತೂರಿನ ಕಡೆಯ ಒಬ್ಬ ಸಾಹೇಬರು. ಅವರ ಕನ್ನಡ ಕುಂಟುತ್ತಿತ್ತು, ನನ್ನ ಇಂಗ್ಲಿಷು ತೆವಳುತ್ತಿತ್ತು. ಹಾಗಾಗಿ ಅವರು ಪಾಠವನ್ನೆಲ್ಲ ಒಂದು ಸ್ಟೀಲಿನ ತಂಬಿಗೆಯ ಮೇಲೆ ಮಾಡಿದರು.

ತಂಬಿಗೆಯನ್ನು ಬೆರಳಿನಿಂದ ತಟ್ಟಿದರು. ಠಣ್ ಎಂದಿತು. ಎರಡು ಪಟ್ಟು ಜೋರಾಗಿ ತಟ್ಟಿದರೆ ಅದೇ ಠಣ್ ಎರಡು ಪಟ್ಟು ಬರಬೇಕು, ಸ್ವರ ಬದಲಾಗಬಾರದು. ಎರಡು ಪೆಟ್ಟು ಒಂದರ ಹಿಂದೊಂದು ಬಿದ್ದರೆ ಎರಡರ ನಡುಕವೂ ಸುಮ್ಮನೆ ಕೂಡಿಕೊಳ್ಳಬೇಕು. ಈ ಗುಣಕ್ಕೆ ಲೀನಿಯರ್ ಎಂದು ಹೆಸರು. ಮತ್ತೆ, ಮುಂಜಾನೆ ತಟ್ಟಿದರೂ ಸಂಜೆ ತಟ್ಟಿದರೂ ಅದೇ ಠಣ್ ಬರಬೇಕು, ಬರುವ ಹೊತ್ತು ಮಾತ್ರ ಸರಿದಿರಬೇಕು. ಇದಕ್ಕೆ ಶಿಫ್ಟ್ ಇನ್‌ವೇರಿಯಂಟ್ ಎನ್ನುತ್ತಾರೆ. ಈ ಎರಡೂ ಗುಣ ಇರುವ ವಸ್ತುವನ್ನು ತಿಳಿಯಲು ಒಂದು ಪೆಟ್ಟು ಸಾಕು. ಗಾಳಿ ಎಂದರೆ ತಾನೇ ಏನು? ಸಣ್ಣ ದೊಡ್ಡ ಪೆಟ್ಟುಗಳ ಸಾಲು. ಒಂದು ಪೆಟ್ಟಿಗೆ ಫ್ಯಾನು ಹೇಗೆ ನಡುಗುತ್ತದೆ ಎಂದು ಗೊತ್ತಾದರೆ, ಸಾಲಿನ ಪ್ರತಿ ಪೆಟ್ಟಿಗೂ ಆ ನಡುಕವನ್ನು ಅದರ ಅಳತೆಗೆ ಹಿಗ್ಗಿಸಿ, ಅದರ ಹೊತ್ತಿಗೆ ಸರಿಸಿ, ಎಲ್ಲವನ್ನೂ ಕೂಡಿಸಿದರಾಯಿತು. ಇಡೀ ಆಷಾಢದ ಗಾಳಿಗೆ ಅದು ಹೇಗೆ ನಡುಗೀತು ಎಂದು ಕೂತಲ್ಲೇ ಹೇಳಬಹುದು. ಆ ಮಾತು ಕೇಳಿದ ದಿನ ನನಗೆ ನಿಜಕ್ಕೂ ತಲೆ ತಿರುಗಿತು. ಇಷ್ಟು ಸರಳವಾಗಿ ಜಗತ್ತಿನಲ್ಲಿ ಏನಾದರೂ ಇದೆಯಲ್ಲ ಎಂದು ಸಂತೋಷವಾಯಿತು.

ಮನುಷ್ಯನಿಗೆ ಈ ಎರಡು ಗುಣವೂ ಇಲ್ಲ ಎಂದು ಆಮೇಲೆ ಗೊತ್ತಾಯಿತು. ಹೆಂಡತಿ ಇದ್ದಾಗ ಯಾರಾದರೂ 'ಊಟ ಆತೇನ್ರಿ?' ಎಂದರೆ ಹೂಂ ಎಂದು ಮುಂದೆ ಹೋಗುತ್ತಿದ್ದೆ. ಆಕೆ ತೀರಿಕೊಂಡ ಮೇಲೆ ಅದೇ ಮಾತನ್ನು ಗಜೇಂದ್ರಗಡದ ಖಾನಾವಳಿಯವನು ಕೇಳಿದರೆ ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗುತ್ತಿದ್ದೆ. ಮಗಳನ್ನು ನರಗುಂದಕ್ಕೆ ಕೊಟ್ಟಿದ್ದೆ. ನಾನು ಗಜೇಂದ್ರಗಡದಲ್ಲಿ ಒಂದು ಖೋಲಿ ಬಾಡಿಗೆ ಹಿಡಿದು ಒಬ್ಬನೇ ಇದ್ದೆ.

ಪರೀಕ್ಷೆಗೆ ಒಬ್ಬನೇ ಹತ್ತುವಂತಿಲ್ಲ. ಒಬ್ಬ ಸುತ್ತಿಗೆ ಹಿಡಿಯಬೇಕು, ಇನ್ನೊಬ್ಬ ಲ್ಯಾಪ್‌ಟಾಪು ನೋಡಬೇಕು. ನನಗೆ ಜೊತೆಯಾಗಿ ಸಿಕ್ಕವನು ಅಸೂಟಿಯ ಈರಪ್ಪ. ನನಗಿಂತ ಬಹಳ ಚಿಕ್ಕವನು, ರಿಪೇರಿ ಗ್ಯಾಂಗಿನ ಮುಖ್ಯಸ್ಥ, ಗುತ್ತಿಗೆಯವನು. ಅಳೆಯುವ ಹೊತ್ತಿನಲ್ಲಿ ಮಾತಾಡುವಂತಿಲ್ಲ, ಕಾಲು ಸರಿಸುವಂತಿಲ್ಲ, ಏಕೆಂದರೆ ಕಬ್ಬಿಣಕ್ಕೆ ಅಂಟಿಸಿದ ಸೆನ್ಸರಿಗೆ ಅದೆಲ್ಲ ಕೇಳಿಸುತ್ತದೆ. ಹೀಗೆ ಇಬ್ಬರೂ ಎಷ್ಟೋ ವರ್ಷ ಒಂದು ಸಣ್ಣ ಕಬ್ಬಿಣದ ಕೋಣೆಯಲ್ಲಿ ಮೊಣಕಾಲಿಗೆ ಮೊಣಕಾಲು ಹಚ್ಚಿ ಸುಮ್ಮನೆ ಕೂತೆವು. ಮಾತಾಡಿ ಗೆಳೆಯರಾಗುವವರು ಬೇಕಾದಷ್ಟು ಜನ ಇದ್ದಾರೆ. ನಾವು ಮಾತಾಡದೇ ಆದವರು. ಅಳತೆ ಮುಗಿದ ಮೇಲೆ ಅವನು ಗಂಟು ಬಿಚ್ಚುತ್ತಿದ್ದ. ಅವನ ಹೆಂಡತಿ ಇಬ್ಬರಿಗೆ ಸಾಲುವಷ್ಟು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿರುತ್ತಿದ್ದಳು. ಇಬ್ಬರಿಗೆ ಕಟ್ಟು ಎಂದು ನಾನು ಯಾವತ್ತೂ ಹೇಳಿರಲಿಲ್ಲ.

ಒಮ್ಮೆ ಒಂದು ಫ್ಯಾನಿನಲ್ಲಿ ಪೆಟ್ಟು ಹಾಕದೆಯೇ ನಡುಕ ಬಂತು. ನಿಂತ ಯಂತ್ರ, ಗಾಳಿ ಇಲ್ಲ, ತೆರೆಯ ಮೇಲೆ ಗೀಟು ಮಾತ್ರ ಕುಣಿಯುತ್ತಿದೆ. ನಿಲ್ಲುತ್ತದೆ, ಮತ್ತೆ ಕುಣಿಯುತ್ತದೆ. ನಾನು ಗೇರ್‌ಬಾಕ್ಸಿನ ಬೋಲ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ. ಈರಪ್ಪ ನೆಲದ ಹಲಗೆ ಎತ್ತಿ ಕೆಳಗೆಲ್ಲ ಹಣಿಕಿ ನೋಡಿದ. ಮುಂಜಾನೆಯೆಲ್ಲ ಹೋಯಿತು. ಕೊನೆಗೆ ರೊಟ್ಟಿಯ ಗಂಟು ತೆಗೆದಾಗ ಅದರ ಕೆಳಗೆ ಅವನ ಮೊಬೈಲು ಗುರ್ರ್ ಎನ್ನುತ್ತಿತ್ತು. ಅವನ ಹೆಂಡತಿ ಕರೆಯುತ್ತಿದ್ದಳು. ಅವನು ಎತ್ತಿ ಮಾತಾಡಿ ಇಟ್ಟ.

'ಏನಂತಲೇ?' ಎಂದೆ.

'ಉಪ್ಪಿನಕಾಯಿ ಮರತೀನಿ ಅಂತ ಹೇಳಾಕ ಫೋನ್ ಮಾಡ್ಯಾಳ್ರೀ ಅಣ್ಣಾರ.'

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹೆಂಡತಿ ಹೋದ ಮೇಲೆ ನಾನು ಹಾಗೆ ನಕ್ಕದ್ದು ಅದೇ ಮೊದಲು ಎಂದು ಕೆಳಗಿಳಿಯುವಾಗ ನೆನಪಾಯಿತು.

ಈಗ ನಮ್ಮ ಕೆಲಸದ ಒಂದು ರೂಢಿಯ ಬಗ್ಗೆ ಹೇಳಬೇಕು. ಹೊಸಬರು ಇದನ್ನು ಗಮನವಿಟ್ಟು ಓದಬೇಕು. ಪರೀಕ್ಷೆಗೆ ಫ್ಯಾನು ನಿಲ್ಲಿಸಬೇಕು, ನಿಲ್ಲಿಸಲು ಗಾಳಿ ಕಡಿಮೆ ಇರಬೇಕು, ಆದ್ದರಿಂದ ಎಲ್ಲ ಪರೀಕ್ಷೆಯೂ ತಂಪು ಹೊತ್ತಿನಲ್ಲಿ, ನಸುಕು ಹರಿದ ಮೇಲೆ, ಬಿಸಿಲು ಏರುವ ಮೊದಲು. ಇನ್ನು ಸುತ್ತಿಗೆಯ ತಲೆಯಲ್ಲೊಂದು ಸೆನ್ಸರು ಇರುತ್ತದೆ, ಎಷ್ಟು ಜೋರಾಗಿ ಹೊಡೆದಿರಿ ಎಂದು ಅದು ಹೇಳುತ್ತದೆ. ಗೊತ್ತುಪಡಿಸಿದ ಅಳತೆಗಿಂತ ಪೆಟ್ಟು ಜೋರಾದರೆ ತೆರೆಯ ಮೇಲೆ ಕೆಂಪು ಬರುತ್ತದೆ. ಅದಕ್ಕೆ ನಾವು ಕೆಟ್ಟ ಪೆಟ್ಟು ಎನ್ನುತ್ತಿದ್ದೆವು. ಒಂದು ಗುಂಡಿ ಒತ್ತಿ ಅದನ್ನು ತೆಗೆದು ಒಗೆಯಬೇಕು. ಒಂದೇ ಅಳತೆಯ ಒಳ್ಳೆಯ ಪೆಟ್ಟುಗಳನ್ನಷ್ಟೇ ಕೂಡಿಸಿ ಸರಾಸರಿ ತೆಗೆಯಬೇಕು. ನನ್ನ ಕೈ ಎಷ್ಟು ಪಳಗಿತ್ತೆಂದರೆ ತಿಂಗಳುಗಟ್ಟಲೆ ಕೆಂಪು ಕಾಣುತ್ತಿರಲಿಲ್ಲ. ಬೇರೆ ಗುಡ್ಡಗಳಿಂದ ಜನ ಬಂದು ನನ್ನ ಕೈ ನೋಡಿಕೊಂಡು ಹೋಗುತ್ತಿದ್ದರು.

ಇದರಲ್ಲಿ ತಪ್ಪೇನಿದೆ ಎಂದು ನೀವು ಕೇಳಬಹುದು. ವರ್ಷಗಟ್ಟಲೆ ಯಾರೂ ಕೇಳಲಿಲ್ಲ, ನಮಗೆ ಪಾಠ ಮಾಡಿದವರೂ ಕೇಳಿರಲಿಲ್ಲ.

ಹದಿನಾಲ್ಕನೇ ನಂಬರಿನ ಫ್ಯಾನಿನ ಸರದಿ ಬಂದದ್ದು ಕಾರಹುಣ್ಣಿಮೆ ಆದ ಮೇಲೆ. ದೊಡ್ಡ ಗಾಳಿ ಇನ್ನೇನು ಶುರುವಾಗುವುದರಲ್ಲಿತ್ತು. ಶುರುವಾದರೆ ಮುಗಿಯಿತು, ಫ್ಯಾನುಗಳು ಹಗಲು ರಾತ್ರಿ ತಿರುಗುತ್ತವೆ, ಯಾರೂ ಹತ್ತುವಂತಿಲ್ಲ. ಅದಕ್ಕೆ ಮುಂಚೆ ಅದರ ಗೇರ್‌ಬಾಕ್ಸು ಬಿಚ್ಚಿ ಕಟ್ಟುವ ಕೆಲಸ ಈರಪ್ಪನ ಗ್ಯಾಂಗಿಗೆ ಬಂದಿತ್ತು. ಸೋಮವಾರದಿಂದ ಒಂದು ವಾರ ಅವರು ಅದರ ತಲೆಯೊಳಗೇ ಇರಬೇಕು. ನನ್ನ ಪರೀಕ್ಷೆ ಅದಕ್ಕಿಂತ ಮೊದಲು ಮುಗಿಯಬೇಕಿತ್ತು. ಆ ದಿನ ಸಾಮಾನು ಎಳೆಯುವ ಹಗ್ಗ ಗಾಲಿಯಲ್ಲಿ ಸಿಕ್ಕಿಹಾಕಿಕೊಂಡು, ಬಿಡಿಸುವುದರೊಳಗೆ ಮಧ್ಯಾಹ್ನವಾಯಿತು. ಗಾಳಿ ಇನ್ನೂ ಎದ್ದಿರಲಿಲ್ಲವೆಂದು ಹತ್ತಿದೆವು. ಒಳಗೆ ತಗಡು ಕಾದು ಕಾವಲಿಯಾಗಿತ್ತು.

ಎರಡು ಪೆಟ್ಟು ಸರಿಯಾಗಿ ಬಿದ್ದವು. ಮೂರನೆಯದಕ್ಕೆ ಕೈ ಎತ್ತಿದಾಗ ನನ್ನ ಬೆಲ್ಟಿನ ಕೊಂಡಿ ಎಲ್ಲೋ ತಗುಲಿ ಜಗ್ಗಿ ಬಿಟ್ಟಿತು. ಸುತ್ತಿಗೆ ಜೋರಾಗಿ ಬಿತ್ತು. ತೆರೆ ಕೆಂಪಾಯಿತು. ಈರಪ್ಪ ರೂಢಿಯಂತೆ ಗುಂಡಿ ಒತ್ತಿದ. ಒತ್ತುವ ಮೊದಲಿನ ಒಂದು ಕ್ಷಣ ನಾನು ತೆರೆ ನೋಡಿದ್ದೆ. ನಡುಕದ ಗೀಟಿನ ಎಲ್ಲಕ್ಕಿಂತ ಎತ್ತರದ ತುದಿ, ನಾವು ಶಿಖರ ಎನ್ನುವುದು, ತನ್ನ ಜಾಗದಲ್ಲಿರಲಿಲ್ಲ. ಎಡಕ್ಕೆ ಸರಿದು, ಕುಗ್ಗಿ, ಚಪ್ಪಟೆಯಾಗಿ ಕೂತಿತ್ತು.

'ತಡೀ' ಎಂದೆ. ಅಷ್ಟರಲ್ಲಿ ಅದು ಹೋಗಿತ್ತು.

ಮತ್ತೊಮ್ಮೆ ಹೊಡೆಯೋಣ ಎನ್ನುವಷ್ಟರಲ್ಲಿ ಕೆಳಗಿನಿಂದ ವಾಕಿಟಾಕಿಯಲ್ಲಿ ಕರೆ ಬಂತು. ಗಾಳಿ ಏಳುತ್ತಿದೆ, ಇಳಿಯಿರಿ. ಇಳಿದೆವು. ಇಳಿಯುವಾಗ ಮೆಟ್ಟಿಲು ಮೆಟ್ಟಿಲಿಗೂ ನನ್ನ ತಲೆಯಲ್ಲಿ ಒಂದೇ ಮಾತು. ಜೋರಾಗಿ ಹೊಡೆದರೆ ಅದೇ ಆಕಾರ ದೊಡ್ಡದಾಗಿ ಬರಬೇಕು. ಆಕಾರವೇ ಬದಲಾದರೆ ಒಳಗೆ ಏನೋ ಬಿಗಿ ಬಿಟ್ಟಿದೆ. ಸಣ್ಣ ಪೆಟ್ಟಿಗೆ ಬಿರುಕಿನ ಎರಡು ತುಟಿಗಳೂ ಅಂಟಿಕೊಂಡೇ ಇರುತ್ತವೆ, ಯಂತ್ರ ಗಟ್ಟಿಯಾಗಿ ಕಾಣುತ್ತದೆ. ದೊಡ್ಡ ಪೆಟ್ಟಿಗೆ, ಅದರಲ್ಲೂ ಬಿಸಿಲಿಗೆ ಕಬ್ಬಿಣ ಹಿಗ್ಗಿ ಸಡಿಲಾದಾಗ, ಬಾಯಿ ಬಿಡುತ್ತದೆ. ನಾವು ಆ ಫ್ಯಾನಿಗೆ ಯಾವಾಗಲೂ ತಂಪು ಹೊತ್ತಿನಲ್ಲಿ, ಯಾವಾಗಲೂ ಒಂದೇ ಅಳತೆಗೆ ಹೊಡೆದಿದ್ದೆವು. ಅದು ಲೀನಿಯರ್ ಎಂದು ನಂಬಿ, ನಂಬಿಕೆಗೆ ಎದುರು ಸಾಕ್ಷಿ ಹೇಳುವ ಪೆಟ್ಟನ್ನೆಲ್ಲ ಕೆಟ್ಟದ್ದೆಂದು ಒಗೆದಿದ್ದೆವು.

ಆಗಿನ ಸೈಟ್ ಇಂಜಿನಿಯರು ಹುಬ್ಬಳ್ಳಿಯ ಕುಲಕರ್ಣಿ ಸಾಹೇಬರು. ಅವರ ಕ್ಯಾಬಿನ್ನಿಗೆ ಹೋಗಿ ಹೇಳಿದೆ.

'ಸಾಹೇಬ್ರ, ಹದಿನಾಲ್ಕು ನಿಲ್ಲಸ್ರಿ. ಒಳಗ ಯಾರನ್ನೂ ಕಳಸಬ್ಯಾಡ್ರಿ.'

'ಯಾಕ್ರಿ? ಪ್ರತಿ ವರ್ಷ ನೀವ ಓಕೆ ಅಂತ ರಿಪೋರ್ಟ್ ಕೊಟ್ಟೀರಲ್ಲ?'

'ಪ್ರತಿ ವರ್ಷ ಒಂದ ಹೊತ್ತಿನಾಗ, ಒಂದ ಅಳತಿಗೆ ಬಡದೀವ್ರಿ. ಕೇಳಿದ್ದನ್ನ ಕೇಳಿದ್ರ ಅದು ಹೇಳಿದ್ದನ್ನ ಹೇಳತೈತಿ. ಇವತ್ತ ಕೈ ತಪ್ಪಿ ಜೋರ ಬಿತ್ತು, ಬ್ಯಾರೆನ ಹೇಳ್ತು.'

'ಎಲ್ಲಿ ಅದರಿ ಡಾಟಾ?'

'ಹೋತ್ರಿ. ತಗದ ಒಗದ್ವಿ.'

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೆಟ್ಟ ಮನುಷ್ಯರಲ್ಲ. ಗಾಳಿಯ ಸೀಜನ್ನು ಬಾಗಿಲಿಗೆ ಬಂದಾಗ ಒಂದು ಫ್ಯಾನು ನಿಲ್ಲಿಸಿದರೆ ಮೇಲಿನವರು ಅವರ ಕಿವಿ ಹಿಂಡುತ್ತಿದ್ದರು. 'ನಾ ಅವರಿಗೆ ಏನು ತೋರಸ್ಲಿ ನದಾಫ ಅವರ? ನಿಮ್ಮ ಕಣ್ಣ ತೋರಸ್ಲೇನು?' ಎಂದರು. ಕನ್ನಡಕ ಮತ್ತೆ ಹಾಕಿಕೊಂಡು, 'ನಾಳೆ ಮಧ್ಯಾಹ್ನ ಗಾಳಿ ಕಡಿಮಿ ಇದ್ರ ಇನ್ನೊಂದು ಸಲ ಹತ್ರಿ. ಸಿಕ್ರ ಸಿಕ್ತು. ಇಲ್ಲಾಂದ್ರ ಸೋಮವಾರ ಗ್ಯಾಂಗ್ ಒಳಗ ಹೋಗ್ತದ' ಎಂದರು.

ಸಂಜೆ ಖಾನಾವಳಿಯಲ್ಲಿ ಕೂತಿದ್ದೆ. ಈರಪ್ಪ ಊರಿಗೆ ಹೋಗುವ ಬಸ್ಸು ಬಿಟ್ಟು ಬಂದು ಎದುರಿಗೆ ಕೂತ.

'ಅಣ್ಣಾರ, ಖರೇನ ಕಾಣಿಸ್ತೋ, ಇಲ್ಲಾ ಸೆಕೆಗೆ ಕಣ್ಣ ಮಂಜಾಗಿದ್ವೋ?'

'ಖರೇನ ಕಾಣಿಸ್ತಪ್ಪಾ.'

'ಹಂಗಾದ್ರ ನಾಳೆ ಹತ್ತೂಣು. ಸೋಮವಾರದಿಂದ ಅದರ ಹೊಟ್ಟ್ಯಾಗ ಕುಂಡರಾಂವ ನಾನ ಅಲ್ಲೇನ್ರಿ.'

'ಮನ್ಯಾಗ ಹೇಳೀಯೇನು?'

'ಏನಂತ ಹೇಳ್ಲಿ? ರೊಟ್ಟಿ ಕಟ್ಟಾಕ ಹೇಳೀನಿ.'

ಅವನು ಹೋದ ಮೇಲೆ ತಾಟು ಬದಿಗೆ ಸರಿಸಿದೆ. ನನಗೆ ಭಯವಾಗಿತ್ತು. ಫ್ಯಾನು ಮುರಿದೀತೆಂದಲ್ಲ. ಅದು ಕಂಪನಿಯದು, ಮುರಿದರೆ ಇನ್ನೊಂದು ನಿಲ್ಲಿಸುತ್ತಾರೆ. ಈ ಹುಡುಗ ಹೋದರೆ ನನಗೆ ಊಟ ಆಯಿತೇ ಎಂದು ಕೇಳಲು ಖಾನಾವಳಿಯವನೊಬ್ಬನೇ ಉಳಿಯುತ್ತಿದ್ದ. ಆ ಯೋಚನೆಯಲ್ಲಿ ಸ್ವಾರ್ಥವೇ ಹೆಚ್ಚಿತ್ತು, ಇರಲಿ.

ಮರುದಿನ ಮಧ್ಯಾಹ್ನ ಗಾಳಿ ಸುಮಾರಾಗಿತ್ತು. ಹತ್ತಿದೆವು. ಕೆಂಪು ಬಂದರೂ ಉಳಿಸಿಕೊಳ್ಳುವಂತೆ ಲ್ಯಾಪ್‌ಟಾಪಿನಲ್ಲಿ ಮೊದಲೇ ಬದಲಾಯಿಸಿಟ್ಟಿದ್ದೆ. ಮೊದಲು ಮೆಲ್ಲಗೆ ಹೊಡೆದೆ. ಶಿಖರ ತನ್ನ ಜಾಗದಲ್ಲೇ ಚೂಪಾಗಿ ನಿಂತಿತು. ರೂಢಿಯ ಅಳತೆಗೆ ಹೊಡೆದೆ. ಅದೇ. ಆಮೇಲೆ ಎರಡೂ ಕೈಯಿಂದ ಸುತ್ತಿಗೆ ಎತ್ತಿ ಜೋರಾಗಿ ಹಾಕಿದೆ. ಶಿಖರ ಎಡಕ್ಕೆ ಜಾರಿತು. ಎರಡು ಪಟ್ಟು ಕೊಟ್ಟಲ್ಲಿ ಎರಡು ಪಟ್ಟು ಬರಲಿಲ್ಲ, ಒಂದೂವರೆಯಷ್ಟೂ ಬರಲಿಲ್ಲ. ಮತ್ತೆ ಮೆಲ್ಲಗೆ ಹೊಡೆದರೆ ಏನೂ ಆಗಿಲ್ಲವೆಂಬಂತೆ ತನ್ನ ಜಾಗಕ್ಕೆ ಬಂದು ಕೂತಿತು. ಮತ್ತೆ ಜೋರು, ಮತ್ತೆ ಜಾರಿತು. ಇಷ್ಟು ಬಾರಿ ಹೊಡೆದದ್ದನ್ನು ಉಳಿಸಿಕೊಂಡ ಮೇಲೆ ಈರಪ್ಪ ಎದ್ದು, ಗೇರ್‌ಬಾಕ್ಸನ್ನು ಹೊತ್ತ ದೊಡ್ಡ ಚೌಕಟ್ಟಿನ ಎರಡು ಭಾಗ ಕೂಡುವಲ್ಲಿ ಅಂಗೈ ಇಟ್ಟ. 'ಈಗ ಹೊಡೀರಿ' ಎಂದ. ಹೊಡೆದೆ.

'ಇಲ್ಲಿ ಬಾಯಿ ಬಿಡಾಕತ್ತೈತ್ರಿ' ಎಂದ. ಅವನ ಮುಖ ಬಿಳಿಚಿಕೊಂಡಿತ್ತು. ಆ ದಿನ ಗಂಟು ಬಿಚ್ಚಲಿಲ್ಲ, ಹಾಗೆಯೇ ಇಳಿದೆವು.

ಕುಲಕರ್ಣಿ ಸಾಹೇಬರು ಎರಡು ಗೀಟುಗಳನ್ನು ಒಂದರ ಮೇಲೊಂದು ಇಟ್ಟು ಬಹಳ ಹೊತ್ತು ನೋಡಿದರು. ಆಮೇಲೆ ನನ್ನೆದುರಿಗೇ ಫೋನು ಎತ್ತಿ ಮೇಲಿನವರಿಗೆ ಹೇಳಿದರು, ಬೈಸಿಕೊಂಡರು, ಮತ್ತೆ ಹೇಳಿದರು. ಫ್ಯಾನು ನಿಂತಿತು. ಕ್ರೇನು ಬಂದು ಚೌಕಟ್ಟು ಬಿಚ್ಚಿದಾಗ ಒಂದು ಬದಿಯ ಬೋಲ್ಟುಗಳು ನಡುವೆಯೇ ಕಡಿದಿದ್ದವು. ತಲೆಗಳು ಮಾತ್ರ ಬಣ್ಣದ ಅಂಟಿನಿಂದ ಜಾಗದಲ್ಲಿ ನಿಂತಿದ್ದವು. ಹೊರಗಿನಿಂದ ನೋಡಿದರೆ ಎಲ್ಲ ಸರಿ. ಒಂದು ವಾರ ಐದು ಜನ ಒಳಗೆ ಕೂತು ಗೇರ್‌ಬಾಕ್ಸು ಎತ್ತಿ ಇಳಿಸಿದ್ದರೆ ಚೌಕಟ್ಟು ಬಾಯಿ ಬಿಟ್ಟು ಅವರ ಮೇಲೆಯೇ ಕೂರುತ್ತಿತ್ತು. ಈರಪ್ಪ ಒಂದು ಮುರಿದ ಬೋಲ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ಕೆಳಗಿಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡ.

ಇಲ್ಲಿಗೆ ಮುಗಿದಿದ್ದರೆ ನಾನು ಶಾಲು ಹೊದಿಸಿದ ಕಥೆಯನ್ನೂ ಬರೆಯುತ್ತಿದ್ದೆನೇನೋ.

ಮೇಲಿನ ಆಫೀಸಿನವರು ಈ ಪ್ರಕರಣವನ್ನು ಚೆನ್ನಾಗಿ ಓದಿಕೊಂಡರು. ವರ್ಷಕ್ಕೊಮ್ಮೆ, ತಂಪು ಹೊತ್ತಿನಲ್ಲಿ, ಒಂದೇ ಅಳತೆಗೆ ಸುತ್ತಿಗೆ ಹೊಡೆಯುವುದನ್ನು ನಂಬಬಾರದು ಎಂದು ತೀರ್ಮಾನಿಸಿದರು. ಸರಿಯಾದ ತೀರ್ಮಾನ. ನಾನೇ ಆ ಸ್ಥಾನದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ. ಪ್ರತಿ ಫ್ಯಾನಿನಲ್ಲೂ ಕಾಯಂ ಸೆನ್ಸರು ಕೂರಿಸಿದರು. ಗಾಳಿಯೇ ಸುತ್ತಿಗೆ. ಮೆಲ್ಲಗೆ ಬೀಸಿದರೂ ಜೋರಾಗಿ ಬೀಸಿದರೂ, ಬಿಸಿಲಾದರೂ ಚಳಿಯಾದರೂ ಅದು ಬರೆದುಕೊಳ್ಳುತ್ತದೆ, ದೂರದ ಯಾವುದೋ ಊರಿನ ಕಂಪ್ಯೂಟರಿಗೆ ಕಳಿಸುತ್ತದೆ. ಯಾರೂ ಅಳೆಯಲು ಹತ್ತಬೇಕಾಗಿಲ್ಲ. ರಿಪೇರಿಗೂ ಬೇಕೆಂದಾಗ ಹೊರಗಿನ ತಂಡ ಬರುತ್ತದೆ. ನಮ್ಮ ಗುಡ್ಡದ ಗ್ಯಾಂಗಿನ ಗುತ್ತಿಗೆ ಮುಂದುವರಿಯಲಿಲ್ಲ.

'ಇದೆಲ್ಲಾ ನಿಮ್ಮಿಂದ ಆದದ್ದು, ಖುಷಿ ಪಡ್ರಿ' ಎಂದರು ಕುಲಕರ್ಣಿ ಸಾಹೇಬರು. ಅವರು ಮನಸ್ಸಿನಿಂದಲೇ ಹೇಳಿದ್ದು.

ಈರಪ್ಪನಿಗೆ ಕಚ್ಛಿನಲ್ಲಿ ಫ್ಯಾನಿನ ಕೆಲಸ ಸಿಕ್ಕಿತು. ಹೆಂಡತಿ, ಮಕ್ಕಳು ಅಸೂಟಿಯಲ್ಲೇ ಉಳಿದರು. ಹೊರಡುವ ದಿನ ನಾನು ಗದಗಿನವರೆಗೂ ಬಸ್ಸಿನಲ್ಲಿ ಜೊತೆಗೆ ಹೋದೆ. ರೈಲು ಹೋದ ಮೇಲೆ ಸ್ಟೇಷನ್ನಿನ ಕಟ್ಟೆಯ ಮೇಲೆ ಕೂತು, ಎಷ್ಟೋ ಹೊತ್ತಿನ ಮೇಲೆ ತಿರುಗಿ ಬಂದೆ. ನಿವೃತ್ತಿಯವರೆಗಿನ ವರ್ಷಗಳು ಕ್ಯಾಬಿನ್ನಿನಲ್ಲಿ ತೆರೆ ನೋಡುತ್ತ ಕಳೆದವು. ಗೀಟುಗಳು ಬರುತ್ತಿದ್ದವು, ಹೋಗುತ್ತಿದ್ದವು. ಏನಾದರೂ ಕೆಟ್ಟರೆ ನನಗಿಂತ ಮೊದಲು ಆ ದೂರದ ಊರಿಗೆ ತಿಳಿಯುತ್ತಿತ್ತು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಒಬ್ಬನಿಗಾಗುವಷ್ಟು ಇರುತ್ತಿತ್ತು. ಎಲ್ಲರಿಗೂ ಹೇಳುವಂಥ ಒಳ್ಳೆಯ ಕೆಲಸ ಮಾಡಿ, ಅದರಿಂದಲೇ ಇದ್ದ ಒಬ್ಬ ಜೊತೆಗಾರನನ್ನು ಕಳಿಸಿಕೊಟ್ಟೆ. ಮಗಳು ನರಗುಂದಕ್ಕೆ ಬಂದುಬಿಡು ಎನ್ನುತ್ತಾಳೆ. ಹಬ್ಬಕ್ಕೆ ಹೋಗುತ್ತೇನೆ, ಎರಡು ದಿನ ಮೊಮ್ಮಕ್ಕಳ ಗದ್ದಲದಲ್ಲಿ ಚಲೋ ಅನಿಸುತ್ತದೆ, ಆಮೇಲೆ ಎಲ್ಲರೂ ಅವರವರ ಕೆಲಸಕ್ಕೆ ಹೋಗುತ್ತಾರೆ.

ಹೊಸಬರೇ, ನಿಮಗೆ ಸುತ್ತಿಗೆಯ ಕೆಲಸ ಇರಲಿಕ್ಕಿಲ್ಲ. ಆದರೆ ನಿಮ್ಮ ಕಂಪ್ಯೂಟರೂ ಕೆಲವು ಗೀಟುಗಳನ್ನು ಕೆಟ್ಟದ್ದೆಂದು ತಾನೇ ಒಗೆಯುತ್ತಿರುತ್ತದೆ. ಒಗೆದ ರಾಶಿಯನ್ನು ಆಗಾಗ ಕೆದಕಿ ನೋಡಿರಿ. ಜೊತೆಗೆ ಊಟ ಮಾಡುವವರು ಯಾರಾದರೂ ಇದ್ದರೆ ಅವರನ್ನೂ ಸ್ವಲ್ಪ ನೋಡಿರಿ. ಇದಕ್ಕಿಂತ ಹೆಚ್ಚಿನ ಬುದ್ಧಿ ನನ್ನಲ್ಲಿಲ್ಲ.

ಮೊನ್ನೆ ಈರಪ್ಪ ಕಚ್ಛಿನಿಂದ ಫೋನು ಮಾಡಿದ್ದ. ಅಲ್ಲಿಯೂ ಗಾಳಿ, ಮಾತಿನ ನಡುವೆ ಬುಸ್ಸೆನ್ನುತ್ತಿತ್ತು. ಮಗಳ ಹತ್ತನೇ ಕ್ಲಾಸಿನ ವಿಷಯ ಹೇಳಿದ. ಈ ಸಲ ಯುಗಾದಿಗೂ ರಜೆ ಸಿಕ್ಕಿಲ್ಲ ಎಂದ. ಆಮೇಲೆ, 'ಅಣ್ಣಾರ, ಅವತ್ತ ನೀವು ಸುಮ್ನಿದ್ದಿದ್ರ ನಾ ಇವತ್ತ ಊರಾಗ ಇರ್ತಿದ್ನಿ ನೋಡ್ರಿ' ಎಂದ.

'ಊರಾಗ ಇರ್ತಿದ್ದೆಪ್ಪಾ, ಖರೆ. ನಿಮ್ಮ ಹೊಲದಾಗ, ಮಣ್ಣಿನ ಕೆಳಗ ಇರ್ತಿದ್ದಿ.'

ಅವನು ನಕ್ಕ. ನಾನೂ ನಕ್ಕೆ.

'ನಿಮಗ ಒಬ್ಬರಿಗೇ ಬ್ಯಾಸರ ಆಗೂದಿಲ್ಲೇನ್ರಿ?'

'ಆಗತೈತಿ. ದಿನಾ ಆಗತೈತಿ.'

'ಮತ್ತ ಏನ್ ಮಾಡ್ತೀರಿ?'

'ಏನೂ ಮಾಡೂದಿಲ್ಲ. ನೀ ಇನ್ನೊಂದ ಸ್ವಲ್ಪ ಹೊತ್ತ ಫೋನ್ ಇಡಬ್ಯಾಡ' ಎಂದೆ.